ವೀಲ್‌ಚೇರ್ ವ್ಯಾನ್ ರೇಟ್ ಏರಿಸ್ತಾರಂತೆ, ಎಷ್ಟು ಬೇಕಾದ್ರೂ ಏರಿಸ್ಬಹುದಾ?

ಓದುಗರ ಪ್ರಶ್ನೆ: ನಾವಿರೋದು ಅಮೆರಿಕದಲ್ಲಿ. ಅಮ್ಮ ವೀಲ್‌ಚೇರ್‌ನಲ್ಲಿದ್ದಾರೆ, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಸಿಟಿಯ ಪ್ಯಾರಾಟ್ರಾನ್ಸಿಟ್ ವ್ಯಾನಲ್ಲೇ (ಬಸ್ ಹತ್ತೋಕಾಗದವರನ್ನ ಮನೆಯಿಂದ ಕರ್ಕೊಂಡು ಹೋಗೋ ವ್ಯಾನ್) ಹೋಗ್ಬರ್ತಾರೆ. ಈಗ ಸರ್ವಿಸ್ ಲಾಸಲ್ಲಿದೆ, ರೇಟ್ ಜಾಸ್ತಿ ಮಾಡ್ಬೇಕು ಅಂತ ಸಿಟಿ ಕೌನ್ಸಿಲ್ ಮುಂದೆ ಬಂದಿದೆ. ಎಷ್ಟು ಬೇಕಾದ್ರೂ ಏರಿಸ್ಬಹುದಾ?

ಉತ್ತರ: ಇಲ್ಲ, ಎಷ್ಟು ಬೇಕಾದ್ರೂ ಏರಿಸೋಕಾಗಲ್ಲ. ಅಲ್ಲಿರೋ ನಮ್ಮವರಿಂದ ಈ ಪ್ರಶ್ನೆ ಆಗಾಗ ಬರ್ತಾನೇ ಇರುತ್ತೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ.

1990ರ ಅಂಗವಿಕಲರ ಕಾಯ್ದೆ ಇದೆಯಲ್ಲ, ಎಡಿಎ ಅಂತಾರೆ, ಅದರ ನಿಯಮದ ಪ್ರಕಾರ ಸಿಟಿ ಬಸ್ ಓಡಿಸೋರು ಬಸ್ ಹತ್ತೋಕೆ ಆಗದವರಿಗೆ ಈ ವ್ಯಾನ್ ಕೊಡ್ಲೇಬೇಕು. ಟಿಕೆಟ್ ದರ ಅದೇ ದಾರಿಯ ಬಸ್ಸಿನ ಪೂರ್ತಿ ದರದ ಎರಡು ಪಟ್ಟು ದಾಟೋ ಹಾಗಿಲ್ಲ. ಬಸ್ಸಿಗೆ 2 ಡಾಲರ್ ಇದ್ರೆ ವ್ಯಾನಿಗೆ 4, ಅಷ್ಟೇ, ಕೌನ್ಸಿಲ್‌ನವರು ತಲೆಕೆಳಗಾಗಿ ನಿಂತ್ರೂ 5 ಮಾಡೋಕಾಗಲ್ಲ. ಜೊತೆಗೆ ನೋಡ್ಕೊಳ್ಳೋಕೆ ಬರೋ ಅಟೆಂಡೆಂಟ್‌ಗೆ ಟಿಕೆಟ್ಟೇ ಇಲ್ಲ. ಆಲ್ಬಕರ್ಕಿ ಥರ ಊರಲ್ಲಿ ಬಸ್ಸೇ ಫ್ರೀ ಮಾಡ್ಬಿಟ್ಟಿದ್ದಾರೆ, ಅಲ್ಲಿ ವ್ಯಾನೂ ಫ್ರೀ.

ಆದ್ರೆ ಒಂದು ತೂತಿದೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಈ ರಕ್ಷಣೆ ಇರೋದು ಬಸ್ ರೂಟಿನ ಎರಡೂ ಕಡೆ ಮುಕ್ಕಾಲು ಮೈಲಿ ಒಳಗೆ, ಅದೂ ಬಸ್ ಓಡೋ ಟೈಮಲ್ಲಿ ಮಾತ್ರ. ಅದರಾಚೆ ಸಿಟಿಯವರು ಪಾಪ ಅಂತ ವ್ಯಾನ್ ಕಳಿಸ್ತಿದ್ರೆ ಅದು ಅವರ ಇಷ್ಟ, ಅದಕ್ಕೆ ಪ್ರೀಮಿಯಂ ಅಂತ ಹೆಸರಿಟ್ಟು ಎಷ್ಟು ಬೇಕಾದ್ರೂ ಹಾಕ್ಬಹುದು, ಪೂರ್ತಿ ನಿಲ್ಲಿಸ್ಲೂಬಹುದು. ದುಡ್ಡು ಸಾಲದಾಗ ಕೌನ್ಸಿಲ್‌ಗಳ ಕಣ್ಣು ಮೊದಲು ಬೀಳೋದೇ ಇಲ್ಲಿಗೆ. ಹಾಗಾಗಿ ಅಮ್ಮನ ಮನೆ, ಡಯಾಲಿಸಿಸ್ ಸೆಂಟರ್ ಎರಡೂ ಆ ಮುಕ್ಕಾಲು ಮೈಲಿ ಒಳಗೆ ಬರುತ್ತಾ ಅಂತ ಮೊದಲು ಮ್ಯಾಪ್ ನೋಡ್ಕೊಳ್ಳಿ. ಇನ್ನೊಂದು, ಬಸ್ ರೂಟೇ ತೆಗೆದುಬಿಟ್ರೆ ಅದರ ಜೊತೆ ಈ ಮುಕ್ಕಾಲು ಮೈಲಿ ರಕ್ಷಣೆನೂ ಹೋಗುತ್ತೆ, ನೀವು ಬಸ್ ಹತ್ತದೇ ಇದ್ರೂ ರೂಟ್ ಕಟ್ ಮಾಡೋ ಸುದ್ದಿ ನಿಮ್ಮದೇ ಸುದ್ದಿ.

ಈಗ ಲಾಸ್ ಯಾಕೆ ಅಂತ. ವ್ಯಾನ್ ಮನೆ ಮುಂದೆ ಬಂದಾಗ ಒಂದ್ಸಲ ನಿಂತು ನೋಡಿ. ಡ್ರೈವರ್ ಇಳಿದು ಲಿಫ್ಟ್ ಕೆಳಗಿಳಿಸಿ, ಚೇರ್ ಹತ್ತಿಸಿ, ಬ್ರೇಕ್ ಹಾಕಿ, ಮೇಲೆತ್ತಿ ಒಳಗೆ ತಗೊಂಡು, ಮುಂದೆರಡು ಹಿಂದೆರಡು ಅಂತ ನಾಲ್ಕು ಸ್ಟ್ರಾಪ್ ನೆಲದ ಕೊಕ್ಕೆಗೆ ಸಿಕ್ಕಿಸಿ ಎಳೆದು ಬಿಗಿ ಮಾಡಿ, ಆಮೇಲೆ ಸೊಂಟದ ಬೆಲ್ಟು, ಭುಜದ ಬೆಲ್ಟು, ಇಷ್ಟಾಗೋ ಹೊತ್ತಿಗೆ ಸಿಟಿ ಬಸ್ಸು ನಾಲ್ಕು ಸ್ಟಾಪ್ ದಾಟಿರುತ್ತೆ. ಇಳಿಸುವಾಗ ಇದೇ ಕೆಲಸ ಉಲ್ಟಾ. ಆಮೇಲೆ ಮುಂದಿನವರ ಮನೆಗೆ ಖಾಲಿ ಓಡ್ಬೇಕು. ಡಯಾಲಿಸಿಸ್ ಮುಗಿಯೋದು ತಡ ಆದ್ರಂತೂ ಇಡೀ ಮಧ್ಯಾಹ್ನದ ಶೆಡ್ಯೂಲ್ ಹಾಳು. ಒಂದು ಗಂಟೆಗೆ ಇಬ್ಬರೋ ಮೂವರೋ ಪ್ಯಾಸೆಂಜರ್, ಅದಕ್ಕೊಬ್ಬ ಡ್ರೈವರ್ ಸಂಬಳ, ಇನ್ಶೂರೆನ್ಸು, ಡೀಸೆಲ್ಲು. ಇದು ಲಾಭಕ್ಕೆ ಮಾಡೋ ಬಿಸಿನೆಸ್ಸೇ ಅಲ್ಲ, ಹಾಗಿರುವಾಗ "ಲಾಸಲ್ಲಿದೆ" ಅನ್ನೋ ಮಾತನ್ನೇ ನಾನು ಒಪ್ಪಲ್ಲ, ಫೈರ್ ಎಂಜಿನ್ ಲಾಸಲ್ಲಿದೆ ಅಂತ ಯಾರಾದ್ರೂ ಹೇಳ್ತಾರಾ?

ಲೆಕ್ಕಕ್ಕೆ ಅಂತ ಒಂದು ಟ್ರಿಪ್ಪಿನ ಖರ್ಚು 60 ಡಾಲರ್ ಅಂತಿಟ್ಕೊಳ್ಳಿ. ಟಿಕೆಟ್ 3ರಿಂದ 4 ಮಾಡಿದ್ರೆ ಸಿಟಿಗೆ ಕಮ್ಮಿ ಆಗೋದು ಅದು ಕೈಯಿಂದ ಹಾಕೋ 57ರಲ್ಲಿ ಒಂದು ಡಾಲರ್. ನಿಮ್ಮಮ್ಮಂಗೆ ವಾರಕ್ಕೆ ಹೋಗ್ತಾ ಬರ್ತಾ ಆರು ಟ್ರಿಪ್, ತಿಂಗಳಿಗೆ ಸುಮಾರು 26 ಡಾಲರ್ ಜಾಸ್ತಿ. ಅಂದ್ರೆ ಈ ಏರಿಕೆಯಿಂದ ಸರ್ವಿಸ್ ಉಳಿಯಲ್ಲ, ಜನ ಓಡಾಡೋದು ಕಮ್ಮಿ ಮಾಡ್ತಾರೆ, ಉಳಿತಾಯ ಆಗೋದಿದ್ರೆ ಅಲ್ಲಿಂದಲೇ ಆಗ್ಬೇಕು. ಬಾಸ್ಟನ್‌ನಲ್ಲಿ 2012ರಲ್ಲಿ 'ದಿ ರೈಡ್' ಅನ್ನೋ ಇಂಥದ್ದೇ ಸರ್ವಿಸ್‌ಗೆ 2 ಡಾಲರ್ ಇದ್ದಿದ್ದನ್ನ ಒಂದೇ ಏಟಿಗೆ 4 ಮಾಡಿದ್ರು, ಟ್ರಿಪ್‌ಗಳು ಇಳಿದ್ವು, ಗಲಾಟೆ ಆಯ್ತು, 2014ರಲ್ಲಿ 3ಕ್ಕೆ ಇಳಿಸಬೇಕಾಯ್ತು.

ಇಲ್ಲೊಂದು ಗೊಂದಲ ಬಿಡಿಸ್ಕೊಬೇಕು. ಕೌನ್ಸಿಲ್ ಅಜೆಂಡಾದಲ್ಲಿ ರೇಟ್ ಅಂತ ಇದ್ರೆ ಅದು ಯಾವ ರೇಟು? ಪ್ಯಾಸೆಂಜರ್ ಕೊಡೋ ಟಿಕೆಟ್ಟಾ, ಇಲ್ಲ ವ್ಯಾನ್ ಓಡಿಸೋ ಕಾಂಟ್ರ್ಯಾಕ್ಟರ್‌ಗೆ ಸಿಟಿ ಗಂಟೆಗೆ ಇಷ್ಟು, ಟ್ರಿಪ್ಪಿಗಿಷ್ಟು ಅಂತ ಕೊಡೋ ರೇಟಾ? ಎಷ್ಟೋ ಊರಲ್ಲಿ ಓಡಿಸೋದು ಕಾಂಟ್ರ್ಯಾಕ್ಟ್ ಕಂಪನಿ. ಎರಡನೇದಾದ್ರೆ ನಿಮ್ಮ ಜೇಬಿಗೆ ನೇರವಾಗಿ ಏನೂ ಇಲ್ಲ, ಬದಲಿಗೆ ಅದು ಏರೋದೇ ಒಳ್ಳೇದಿರಬಹುದು, ಯಾಕಂದ್ರೆ ಡ್ರೈವರ್‌ಗೆ ಸಂಬಳ ಸರಿಯಾಗಿ ಕೊಡದೆ ಅವರು ಬಿಟ್ಟು ಹೋದ್ರೆ 9 ಗಂಟೆ ವ್ಯಾನು ಹತ್ತೂವರೆಗೆ ಬರುತ್ತೆ. ಆ ದುಡ್ಡು ಡ್ರೈವರ್ ಕೈಗೆ ಹೋಗುತ್ತಾ ಅಂತ ಮಾತ್ರ ಕೇಳಿ. ವೇಟಿಂಗ್ ಲಿಸ್ಟ್ ಇಡೋದು, ತಿಂಗಳಿಗೆ ಇಷ್ಟೇ ಟ್ರಿಪ್ ಅನ್ನೋದು, ಸಾಲುಸಾಲಾಗಿ ಲೇಟ್ ಮಾಡೋದು, ಇದ್ಯಾವುದಕ್ಕೂ ನಿಯಮದಲ್ಲಿ ಅವಕಾಶ ಇಲ್ಲ.

ನೀವು ಹೇಳಿದ್ದು ಯಾರಾದ್ರೂ ಕೇಳ್ತಾರಾ ಅಂದ್ರೆ, ಕೇಳ್ಬೇಕು. ನಗರ ಸಾರಿಗೆಗೆ ಫೆಡರಲ್ ದುಡ್ಡು ತಗೊಳ್ಳೋರು ದರ ಏರಿಸೋ ಮುಂಚೆ ಜನರ ಅಭಿಪ್ರಾಯ ತಗೊಳ್ಳೇಬೇಕು. ಮಾತಾಡೋಕೆ ಸಾಮಾನ್ಯವಾಗಿ ಎರಡು ಮೂರು ನಿಮಿಷ ಸಿಗುತ್ತೆ. ಕಷ್ಟ ಹೇಳ್ಕೊಳ್ಳೋದಕ್ಕಿಂತ ಎಷ್ಟು ಸಲ ವ್ಯಾನ್ ಲೇಟ್ ಬಂತು ಅಂತ ತಾರೀಕು ಸಮೇತ ಬರ್ಕೊಂಡು ಹೋಗಿ, ಅದು ಕೆಲಸ ಮಾಡುತ್ತೆ. ಅಮ್ಮನೇ ಬಂದು ಮಾತಾಡ್ತಾರೆ ಅಂದ್ರೆ ಇನ್ನೂ ಒಳ್ಳೇದು. ಹಿಂದಿನ ದಿನವೇ ವ್ಯಾನ್ ಬುಕ್ ಮಾಡಿ, ಆಸ್ಪತ್ರೆಗಾದ್ರೆ ಸರಿ ಮೀಟಿಂಗಿಗೆ ಆಗಲ್ಲ ಅಂತ ಅವರು ಹೇಳೋ ಹಾಗಿಲ್ಲ, ಎಲ್ಲಿಗೆ ಯಾಕೆ ಹೋಗ್ತೀರಿ ಅಂತ ನೋಡಿ ಟ್ರಿಪ್ ಕೊಡೋದು ಬಿಡೋದು ಮಾಡೋಕೆ ನಿಯಮ ಬಿಡಲ್ಲ. ಮೀಟಿಂಗ್ ರಾತ್ರಿವರೆಗೆ ಎಳೆದ್ರೆ ಮಾತ್ರ ಆ ರೂಟಿನ ಕೊನೇ ಬಸ್ ಎಷ್ಟೊತ್ತಿಗೆ ಅಂತ ನೋಡ್ಕೊಂಡು ವಾಪಸ್ ಟೈಮ್ ಹಾಕಿ.