ಮಾಡರ್ನಿಸ್ಟ್ ಟವರ್: ಹೊಸದಲ್ಲದ ‘ಮಾಡರ್ನ್’

ಮಾಡರ್ನಿಸ್ಟ್ ಕಟ್ಟಡ ಅಂದ ಕೂಡಲೇ ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಯಲ್ಲಿ ಎಲ್ಲರೂ ಸ್ಟೇಷನ್ ಹತ್ತಿರ ಎದ್ದಿರುವ ಹೊಸ ಟವರ್ ಕಡೆ ಕೈ ತೋರಿಸುತ್ತಾರೆ. ಮಾರ್ಬಲ್ ಲಾಬಿ, ಜಿಮ್, ತುದಿಯಲ್ಲೊಂದು ಗೋಪುರ. ಅದು ಮಾಡರ್ನ್ ಇರಬಹುದು, ಮಾಡರ್ನಿಸ್ಟ್ ಮಾತ್ರ ಅಲ್ಲ.

ಮಾಡರ್ನಿಸ್ಟ್ ಅನ್ನುವುದು ಒಂದು ಕಾಲದ ಹೆಸರು, ಒಂದು ಹಠದ ಹೆಸರು ಕೂಡ. 20ನೇ ಶತಮಾನದ ಮೊದಲ ದಶಕಗಳಲ್ಲಿ ಶುರುವಾಗಿ, ಎರಡನೇ ಮಹಾಯುದ್ಧ ಮುಗಿದ ಮೇಲೆ ಊರೂರಿಗೆ ಹರಡಿ, 1970ರ ದಶಕದಲ್ಲಿ ಸುಸ್ತು ಹೊಡೆಯಿತು. ಹಠ ಏನಪ್ಪಾ ಅಂದರೆ, ಕಟ್ಟಡಕ್ಕೆ ಒಡವೆ ಬೇಡ. ಮುಂಬಯಿಯ ನಮ್ಮ ಹಳೆ ವಿಟಿ ರೈಲ್ವೆ ಸ್ಟೇಷನ್ ನೋಡಿ, ಕಲ್ಲಿನಲ್ಲಿ ನವಿಲು, ಎಲೆ, ಬಳ್ಳಿ, ಗೇಟಿನ ಮೇಲೆ ಒಂದು ಸಿಂಹ ಒಂದು ಹುಲಿ. ಇದೆಲ್ಲ ಯಾಕೆ ಅಂತ ಕೇಳಿದವರು ಮಾಡರ್ನಿಸ್ಟರು. ಭಾರ ಹೊರುವುದು ಒಳಗಿನ ಕಂಬ, ಹೊರಗಿನ ಗಾಜು ಸುಮ್ನೆ ಪರದೆ ಹಾಗೆ ನೇತಾಡಿದರೆ ಸಾಕು, ಅದಕ್ಕೇ ಅದಕ್ಕೆ ಕರ್ಟನ್ ವಾಲ್ ಅಂತಲೇ ಹೆಸರು. ಕಾಂಕ್ರೀಟ್ ಆದರೆ ಕಾಂಕ್ರೀಟ್ ಹಾಗೇ ಕಾಣಲಿ ಅಂದವರೂ ಇದ್ದರು. ಗಾರೆ ಬೇಡ, ಬಣ್ಣ ಬೇಡ. ಅಂಥ ಗೋಡೆಯ ಹತ್ತಿರ ಹೋದರೆ ಸೆಂಟ್ರಿಂಗ್ ಹಲಗೆಯ ಗೆರೆ, ಕೆಲವೊಮ್ಮೆ ಮರದ ಗಂಟಿನ ಗುರುತು ಕೂಡ ಸಿಗುತ್ತದೆ. ನನಗೆ ಅದು ಇಷ್ಟ. ನಾಲ್ಕು ಮಳೆಗಾಲ ಕಳೆದ ಮೇಲೆ ಅದೇ ಗೋಡೆ ಕಪ್ಪು ಪಾಚಿ ಹಿಡಿದು, ಎಸಿ ನೀರು ಇಳಿದು ಹೇಗಾಗುತ್ತದೆ ಅಂತ ಮುಂಬಯಿಯವರಿಗೆ ಹೇಳಬೇಕಾಗಿಲ್ಲ.

ಜನ ಇವನ್ನು ಬೈಯಲು ಅದೊಂದೇ ಕಾರಣ ಅಲ್ಲ. ದಕ್ಷಿಣ ಮುಂಬಯಿಯಲ್ಲಿ ಆಫೀಸುಗಳೇ ತುಂಬಿರುವ ನಾರಿಮನ್ ಪಾಯಿಂಟ್‌ನ ಟವರ್‌ಗಳು ನಿಂತಿರುವುದು ಸಮುದ್ರ ತುಂಬಿಸಿದ ಜಾಗದಲ್ಲಿ. ಮೊದಲೇ ಇಕ್ಕಟ್ಟಾದ ದಕ್ಷಿಣದ ತುದಿಗೆ ಇನ್ನಷ್ಟು ಆಫೀಸು ತುರುಕುವ ಬದಲು ಕೊಲ್ಲಿಯ ಆಚೆ ಹೊಸ ಊರು ಕಟ್ಟಿ ಅಂತ 1960ರ ದಶಕದಲ್ಲೇ ಹೇಳಿದವರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯ ಒಬ್ಬರು. ನವಿ ಮುಂಬಯಿಯ ಯೋಚನೆ ಬಂದದ್ದು ಅಲ್ಲಿಂದ. ತಮಾಷೆ ಅಂದರೆ ಕೊರಿಯ ತಾವೇ ಮಾಡರ್ನಿಸ್ಟ್, ಕಂಬಳ್ಳ ಹಿಲ್‌ನ 28 ಮಹಡಿಯ ಕಾಂಚನಜುಂಗಾ ಅವರದ್ದೇ.

ನಮ್ಮ ದೊಡ್ಡಪ್ಪ ಉಡುಪಿ ಕಡೆಯಿಂದ ಬಂದು ನಾರಿಮನ್ ಪಾಯಿಂಟ್‌ನಲ್ಲಿ ಒಂದು ಆಫೀಸಿನ ಕ್ಯಾಂಟೀನ್ ನಡೆಸಿದವರು. “ಬೆಂಕಿಪೆಟ್ಟಿಗೆ ನಿಲ್ಲಿಸಿದ ಹಾಗೆ ಉಂಟು ಮಾರಾಯ, ಎಲ್ಲವೂ ಒಂದೇ ನಮೂನೆ,” ಅಂತ ಬೈಯುತ್ತಲೇ ಚಾ ಸೋಸುತ್ತಿದ್ದರು. ನ್ಯೂಯಾರ್ಕಿನವರೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. 1973ರಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್‌ನ 110 ಮಹಡಿಯ ಜೋಡಿ ಟವರ್ ತೆರೆದಾಗ, ಎಂಪೈರ್ ಸ್ಟೇಟ್ ಮತ್ತು ಕ್ರೈಸ್ಲರ್ ಬಿಲ್ಡಿಂಗ್ ಬಂದ ಖಾಲಿ ಡಬ್ಬಿಗಳು ಇವು ಅಂತ ಜೋಕ್ ಇತ್ತು. ಮರುವರ್ಷ ಆಗಸ್ಟ್ 7ರ ಬೆಳಿಗ್ಗೆ ಫಿಲಿಪ್ ಪೆಟಿ ಎಂಬ ಫ್ರೆಂಚ್ ದೊಂಬರಾಟಗಾರ ಎರಡೂ ಟವರ್ ನಡುವೆ ತಂತಿ ಕಟ್ಟಿ ನಡೆದ. ಕೆಳಗೆ ಜನ ಕತ್ತೆತ್ತಿ ನಿಂತರು. ಟವರ್ ಬಗ್ಗೆ ಒಂದಿಷ್ಟು ಪ್ರೀತಿ ಹುಟ್ಟಲು ಅದೂ ಕಾರಣ ಅನ್ನುತ್ತಾರೆ. 2001ರ ನಂತರದ್ದು ಬೇರೆಯೇ ಮಾತು, ಅಷ್ಟು ಜನ ಸತ್ತ ಮೇಲೆ ಡಬ್ಬಿ ಅಂತ ಯಾರು ನಗುತ್ತಾರೆ?

ಆ ಟವರ್‌ಗಳ ವಾಸ್ತುಶಿಲ್ಪಿ ಮಿನೊರು ಯಮಾಸಾಕಿ. ಅಮೆರಿಕದ ಸೇಂಟ್ ಲೂಯಿಸ್‌ನ ಪ್ರೂಯಿಟ್-ಐಗೋ ಕೂಡ ಅವರದ್ದೇ. ಬಡವರಿಗಾಗಿ ಕಟ್ಟಿದ 11 ಮಹಡಿಯ 33 ಕಟ್ಟಡ. ರಿಪೇರಿಗೆ ದುಡ್ಡಿಲ್ಲದೆ ಹಾಳುಬಿದ್ದು, 1972ರಿಂದ ಸ್ಫೋಟಕ ಇಟ್ಟು ಉರುಳಿಸಿದರು. ತಪ್ಪು ವಿನ್ಯಾಸದ್ದೋ, ನೋಡಿಕೊಳ್ಳದವರದ್ದೋ ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. ನನಗೇನೋ ಎರಡನೆಯದ್ದೇ ಜಾಸ್ತಿ ಅನಿಸುತ್ತದೆ, ನೀರಿನ ಪಂಪ್ ಕೆಟ್ಟ ಸೊಸೈಟಿಯಲ್ಲಿ ಇದ್ದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಟೋಕಿಯೊದ ನಕಾಗಿನ್ ಕ್ಯಾಪ್ಸೂಲ್ ಟವರ್ ಕತೆ ಇನ್ನೂ ವಿಚಿತ್ರ. 1972ರಲ್ಲಿ ವಾಸ್ತುಶಿಲ್ಪಿ ಕಿಶೊ ಕುರೊಕಾವಾ ಕಟ್ಟಿದ್ದು. ಗೂಡಿನ ಹಾಗೆ 140 ಪುಟ್ಟ ಕೋಣೆ, ಒಂದೊಂದಕ್ಕೂ ದೊಡ್ಡ ಗುಂಡು ಕಿಟಕಿ. 25 ವರ್ಷಕ್ಕೊಮ್ಮೆ ಹಳೆ ಕೋಣೆ ತೆಗೆದು ಹೊಸದು ಸಿಕ್ಕಿಸಬೇಕು ಅಂತ ಲೆಕ್ಕ. ಒಂದನ್ನೂ ಬದಲಿಸಲಿಲ್ಲ. ಸೋರಿತು, ತುಕ್ಕು ಹಿಡಿಯಿತು, ಮಾಲೀಕರೇ ಬೇಡ ಅಂದರು, 2022ರಲ್ಲಿ ಬಿಚ್ಚಿದರು. ಈಗ ಅದರ 23 ಕೋಣೆಗಳನ್ನು ಉಳಿಸಿಕೊಂಡಿದ್ದಾರೆ, ಒಂದು ಸ್ಯಾನ್ ಫ್ರಾನ್ಸಿಸ್ಕೊದ ಮ್ಯೂಸಿಯಂ ಸೇರಿದೆ.

ಗಮನಿಸಿ, ಜನ ಹಿಡಿದುಕೊಂಡದ್ದು ತಂತಿಯ ಮೇಲಿನ ಮನುಷ್ಯನನ್ನು, ಗುಂಡು ಕಿಟಕಿಯನ್ನು. ಬೋಳು ಗೋಡೆಯನ್ನಲ್ಲ. ಒಡವೆ ಬೇಡ ಅಂದ ಕಟ್ಟಡಕ್ಕೆ ಜನರೇ ಒಂದು ಒಡವೆ ಹುಡುಕಿ ತೊಡಿಸುತ್ತಾರೆ, ಅಲ್ವಾ?

ಮುಂಬಯಿಯಲ್ಲಿ ಆ ಒಡವೆ ಅಂದರೆ ನಾರಿಮನ್ ಪಾಯಿಂಟ್‌ನ ಏರ್ ಇಂಡಿಯಾ ಕಟ್ಟಡದ ನೆತ್ತಿಯ ಮೇಲಿದ್ದ ಕೆಂಪು ಲಾಂಛನ. 1974ರ ಕಟ್ಟಡ, 23 ಮಹಡಿ. ಕಟ್ಟಡ ಇನ್ನೂ ನಿಂತಿದೆ, ಆದರೆ ಕಂಪನಿಯ ಮುಖ್ಯ ಕಚೇರಿ 2013ರಲ್ಲೇ ದಿಲ್ಲಿಗೆ ಹೋಯಿತು. ಪಕ್ಕದ ಮರೀನ್ ಡ್ರೈವ್‌ನ ಆರ್ಟ್ ಡೆಕೊ ಮನೆಗಳು, ಅಂದರೆ ಇದಕ್ಕಿಂತ ಹಳೆಯ, ಅಲಂಕಾರ ಬಿಡದ ಶೈಲಿಯವು, 2018ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು, ಇದಕ್ಕೆ ಅಂಥ ಭಾಗ್ಯ ಇಲ್ಲ.

2024ರಲ್ಲಿ ಕಟ್ಟಡವನ್ನು 1,601 ಕೋಟಿಗೆ ಮಹಾರಾಷ್ಟ್ರ ಸರ್ಕಾರಕ್ಕೆ ಕೊಡಲು ಕೇಂದ್ರ ಒಪ್ಪಿದ ಸುದ್ದಿ ಬಂದಾಗ ದೊಡ್ಡಪ್ಪ ಊರಿನಿಂದ ಫೋನ್ ಮಾಡಿದರು. ರೇಟಿನ ಮಾತೇ ಇಲ್ಲ.

“ಆ ಕುದುರೆಯನ್ನು ಏನು ಮಾಡ್ತಾರಂತೆ?”

“ಅದು ಬರೀ ಕುದುರೆ ಅಲ್ಲ ದೊಡ್ಡಪ್ಪ, ಅರ್ಧ ಮನುಷ್ಯ, ಕೈಯಲ್ಲಿ ಬಿಲ್ಲು ಬೇರೆ.”

“ಗೊತ್ತುಂಟು ಮಾರಾಯ. ಇಪ್ಪತ್ತೆಂಟು ವರ್ಷ ಅದರ ಬೆಳಕು ನೋಡಿ ಅಂಗಡಿ ಮುಚ್ಚಿದವ ನಾನು.”