ಗುಳಿಗೆ ಒಂದೇ, ಲಿವರ್ ಬೇರೆ

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ಮೇಲೆ ಆಸ್ಪಿರಿನ್ ಜೊತೆಗೆ ಹಲವರಿಗೆ ಬರೆದುಕೊಡುವ ಗುಳಿಗೆ ಕ್ಲೋಪಿಡೋಗ್ರೆಲ್. ದಿನಕ್ಕೊಂದು, 75 ಮಿಲಿಗ್ರಾಂ. ನುಂಗುವ ಹೊತ್ತಿಗೆ ಅದು ಇನ್ನೂ ಔಷಧವೇ ಆಗಿರುವುದಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಅದನ್ನು ಔಷಧವಾಗಿ ಮಾಡಿಕೊಳ್ಳುವುದು ನಮ್ಮ ಲಿವರ್.

ರಕ್ತ ಸೇರಿದ ಕ್ಲೋಪಿಡೋಗ್ರೆಲ್‌ನಲ್ಲಿ ನೂರಕ್ಕೆ ಸುಮಾರು 85 ಪಾಲು ಒಂದು ಕಿಣ್ವದ ಬಾಯಿಗೆ ಸಿಕ್ಕಿ ಕೆಲಸಕ್ಕೆ ಬಾರದ ವಸ್ತುವಾಗಿಬಿಡುತ್ತದೆ. ಮಿಕ್ಕ ಸ್ವಲ್ಪವೇ ಎರಡು ಹಂತಗಳಲ್ಲಿ ಮಾರ್ಪಟ್ಟು ನಿಜವಾದ ಔಷಧವಾಗುತ್ತದೆ. ಆ ಔಷಧ ರಕ್ತದ ಪ್ಲೇಟ್‌ಲೆಟ್‌ಗೆ ಹೋಗಿ ಕಚ್ಚಿಕೊಂಡರೆ ಮತ್ತೆ ಬಿಡುವುದಿಲ್ಲ. ಆ ಪ್ಲೇಟ್‌ಲೆಟ್ ಬದುಕುವ 7ರಿಂದ 10 ದಿನವೂ ಅದರ ಅಂಟುವ ಗುಣ ತಗ್ಗಿರುತ್ತದೆ. ಹೀಗೆ ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟುವುದು ತಪ್ಪುತ್ತದೆ.

ಆ ಎರಡೂ ಹಂತಗಳಲ್ಲಿ ದುಡಿಯುವ ಮುಖ್ಯ ಕಿಣ್ವದ ಹೆಸರು ಸಿವೈಪಿ2ಸಿ19. ಅದನ್ನು ತಯಾರಿಸುವ ಜೀನ್‌ನಲ್ಲಿ ಕೆಲವರಿಗೆ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ: 681ನೆಯ ಸ್ಥಾನದಲ್ಲಿ ಜಿ ಇರಬೇಕಾದಲ್ಲಿ ಎ. ಜೀನ್‌ನಿಂದ ಬಂದ ಸಂದೇಶವನ್ನು ಕತ್ತರಿಸಿ ಜೋಡಿಸುವಾಗ ಈ ಅಕ್ಷರ ಕತ್ತರಿಯ ದಾರಿ ತಪ್ಪಿಸುತ್ತದೆ, 40 ಅಕ್ಷರಗಳು ಬಿಟ್ಟುಹೋಗುತ್ತವೆ. ಅಲ್ಲಿಂದ ಮುಂದಿನ ಓದೆಲ್ಲ ಅಡ್ಡಾದಿಡ್ಡಿಯಾಗಿ, ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತದೆ. ತಂದೆ ತಾಯಿ ಇಬ್ಬರಿಂದಲೂ ಇಂಥದೇ ಪ್ರತಿ ಬಂದಿದ್ದರೆ, ಗುಳಿಗೆಯನ್ನು ದಿನ ತಪ್ಪದೆ ನುಂಗಿದರೂ ಔಷಧ ತಯಾರಾಗುವುದು ತೀರಾ ಕಡಿಮೆ. ಯುರೋಪ್ ಮೂಲದವರಲ್ಲಿ ಈ ಕಿಣ್ವ ಕೆಲಸವನ್ನೇ ಮಾಡದವರು ನೂರಕ್ಕೆ ಸುಮಾರು 2, ಪೂರ್ವ ಏಷ್ಯಾ ಮೂಲದವರಲ್ಲಿ 13ರ ಆಸುಪಾಸು. ದಕ್ಷಿಣ ಏಷ್ಯಾದಲ್ಲೂ ಈ ಬದಲಾದ ಅಕ್ಷರ ಯುರೋಪಿಗಿಂತ ಹೆಚ್ಚು ಕಾಣುತ್ತದೆ.

ಇಂಥವರಿಗೆ ಮತ್ತೆ ಎದೆನೋವು ಬಂದಾಗ ಮೊದಲು ಏಳುವ ಅನುಮಾನ, ‘ಗುಳಿಗೆ ಸರಿಯಾಗಿ ತೆಗೆದುಕೊಂಡಿಲ್ಲವೇನೋ’ ಎಂದು. ಒಂದು ದಿನವೂ ಬಿಡದೆ ನುಂಗಿದವರಿಗೆ ಆ ಮಾತು ಎಷ್ಟು ನೋಯಿಸುತ್ತದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರ ಮಾರ್ಚ್‌ನಲ್ಲಿ ಈ ಗುಳಿಗೆಗೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಸೇರಿಸಿದ್ದು ಇಂಥವರಲ್ಲಿ ಔಷಧ ಸಾಕಷ್ಟು ತಯಾರಾಗುವುದಿಲ್ಲ ಎಂಬ ಕಾರಣಕ್ಕೇ. ಬದಲಿ ಔಷಧಗಳಿವೆ: ಪ್ರಸುಗ್ರೆಲ್ ಈ ಕಿಣ್ವವನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ, ಟಿಕಾಗ್ರೆಲಾರ್‌ಗೆ ಲಿವರ್‌ನ ಸಿದ್ಧತೆಯೇ ಬೇಕಿಲ್ಲ. ಆದರೆ ಎರಡರಲ್ಲೂ ರಕ್ತಸ್ರಾವದ ಅಪಾಯ ಹೆಚ್ಚು, ಹಾಗಾಗಿ ಎಲ್ಲರಿಗೂ ಅದನ್ನೇ ಕೊಟ್ಟುಬಿಡುವಂತಿಲ್ಲ.

ರಕ್ತ ಹೆಪ್ಪುಗಟ್ಟದಂತೆ ಕೊಡುವ ಇನ್ನೊಂದು ಗುಳಿಗೆ ವಾರ್ಫರಿನ್‌ನದು ಬೇರೆ ಕಥೆ. ಒಬ್ಬರಿಗೆ ದಿನಕ್ಕೆ 1 ಮಿಲಿಗ್ರಾಂ ಸಾಕು, ಇನ್ನೊಬ್ಬರಿಗೆ 10 ಬೇಕು. ಅದು ತಡೆಯಬೇಕಾದ ಕಿಣ್ವವನ್ನು ಕೆಲವರ ಜೀನ್ ಕಡಿಮೆ ತಯಾರಿಸುತ್ತದೆ. ಕೆಲವರಲ್ಲಿ ಔಷಧವನ್ನು ಕರಗಿಸಿ ಹೊರಹಾಕುವ ಕಿಣ್ವ ನಿಧಾನ, ಮೈಯಲ್ಲಿ ಅದು ಕೂಡುತ್ತ ಹೋಗುತ್ತದೆ. ಜೀನ್ ನೋಡಿ ಪ್ರಮಾಣ ಗೊತ್ತುಮಾಡಿದರೆ ಒಳ್ಳೆಯದೇ ಎಂದು ಕೇಳಿದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2013ರಲ್ಲಿ ಬಂತು. ಯುರೋಪಿನದು ಹೌದು ಎಂದಿತು, ಅಮೆರಿಕದ್ದು ವ್ಯತ್ಯಾಸ ಕಾಣಲಿಲ್ಲ ಎಂದಿತು. ರಕ್ತ ಹೆಪ್ಪುಗಟ್ಟುವ ವೇಗವನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ಹೇಗೂ ಪ್ರಮಾಣವನ್ನು ತಿದ್ದುತ್ತಿರುವುದರಿಂದ, ಇಲ್ಲಿ ಜೀನ್ ಪರೀಕ್ಷೆಯ ತುರ್ತು ಕ್ಲೋಪಿಡೋಗ್ರೆಲ್‌ನಷ್ಟಿಲ್ಲ ಎಂಬುದು ನನ್ನ ಎಣಿಕೆ. ಕ್ಲೋಪಿಡೋಗ್ರೆಲ್ ವಿಫಲವಾದರೆ ಮೈ ಮೊದಲೇ ಸುಳಿವು ಕೊಡುವುದಿಲ್ಲ.

ಎಲ್ಲವೂ ಜೀನ್‌ನ ಕೈಯಲ್ಲೇ ಇಲ್ಲ. ಹೊಟ್ಟೆಯ ಆಮ್ಲ ತಗ್ಗಿಸಲು ಕೊಡುವ ಒಮೆಪ್ರಜೋಲ್ ಇದೇ ಸಿವೈಪಿ2ಸಿ19 ಕಿಣ್ವವನ್ನು ತಡೆಹಿಡಿಯುತ್ತದೆ. ಹುಟ್ಟಿನಿಂದ ಜೀನ್ ಚೆನ್ನಾಗಿದ್ದವರ ಲಿವರ್ ಕೂಡ ಆಗ ಕ್ಲೋಪಿಡೋಗ್ರೆಲ್ ಎದುರು ಮಂದವಾಗುತ್ತದೆ. ಪ್ಯಾಂಟೊಪ್ರಜೋಲ್‌ನಿಂದ ಆ ತೊಂದರೆ ಬಹಳ ಕಡಿಮೆ. ಕ್ಲೋಪಿಡೋಗ್ರೆಲ್, ಒಮೆಪ್ರಜೋಲ್ ಎರಡೂ ಒಂದೇ ಚೀಟಿಯಲ್ಲಿ ಕಂಡರೆ, ಯಾವುದನ್ನೂ ತಾವಾಗಿ ನಿಲ್ಲಿಸದೆ, ಬದಲಾಯಿಸಬಹುದೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು.