ಗಟ್ಟಿ ಹರಳಿನೊಳಗೆ ದ್ರವ ಹೇಗೆ?

ಪ್ರಶ್ನೆ: ಐಐಎಸ್‌ಸಿ ಓಪನ್ ಡೇಗೆ ಹೋದಾಗ ‘ಸ್ಪಿನ್ ಲಿಕ್ವಿಡ್’ ಅನ್ನೋ ಮಾತು ಕಿವಿಗೆ ಬಿತ್ತು. ಹರಳು ಗಟ್ಟಿ ವಸ್ತು ಅಲ್ವಾ? ಅದರೊಳಗೆ ದ್ರವ ಎಲ್ಲಿಂದ ಬಂತು?
– ಯಶವಂತಪುರದ ಓದುಗರು

ಉತ್ತರ: ಹರಳನ್ನು ಹಿಂಡಿದರೂ ಒಂದು ಹನಿ ಬರುವುದಿಲ್ಲ. ಅಣುಗಳು ಕೂತಲ್ಲೇ ಕೂತಿರುತ್ತವೆ. ಸುಮ್ನೆ ಕೂರದಿರುವುದು ಎಲೆಕ್ಟ್ರಾನಿನ ಸ್ಪಿನ್, ಅಂದರೆ ಅದರ ಪುಟ್ಟ ಕಾಂತಗುಣ.

ಇಲ್ಲಿ ಹೆಚ್ಚು ಹೆಸರು ಮಾಡಿದ್ದು ಕಾರ್ಬನ್, ಹೈಡ್ರೋಜನ್, ಗಂಧಕ ಸೇರಿದ ಇಟಿ ಎಂಬ ಅಣು. ತಾಮ್ರ-ಸಯನೈಡ್ ಪದರಗಳ ನಡುವೆ ಈ ಅಣುಗಳು ಎರಡೆರಡಾಗಿ ಕೂರುತ್ತವೆ. ಪ್ರತಿ ಜೋಡಿಗೂ ಒಂದು ಒಂಟಿ ಎಲೆಕ್ಟ್ರಾನ್. ಪಠ್ಯಪುಸ್ತಕದ ಲೆಕ್ಕದಲ್ಲಿ ಇದು ಲೋಹದಂತೆ ವಿದ್ಯುತ್ ಹರಿಸಬೇಕು. ಹರಿಸುವುದಿಲ್ಲ. ರೂಮಿಗೊಬ್ಬರೇ ಇರುವ ಪಿಜಿ ನೆನೆಸಿಕೊಳ್ಳಿ. ಪಕ್ಕದ ರೂಮಿಗೆ ನುಗ್ಗಿದರೆ ಜಗಳ ಖಾತ್ರಿ, ಹಾಗಾಗಿ ಯಾರೂ ಕದಲುವುದಿಲ್ಲ. ಇದೇ ಮಾಟ್ ಇನ್ಸುಲೇಟರ್.

ಅಕ್ಕಪಕ್ಕದ ಸ್ಪಿನ್‌ಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗಲು ನೋಡುತ್ತವೆ. ಚೌಕದಲ್ಲಾದರೆ ಸುಲಭ. ಇಲ್ಲಿ ಅಣುಜೋಡಿಗಳು ಕೂತಿರುವುದು ತ್ರಿಕೋನದಲ್ಲಿ. ಒಂದು ಮೇಲೆ, ಒಂದು ಕೆಳಗೆ, ಮೂರನೆಯದು ಎತ್ತ? ಈ ಇಕ್ಕಟ್ಟಿಗೇ ಫ್ರಸ್ಟ್ರೇಷನ್ ಅನ್ನುತ್ತಾರೆ. ಇಂಥ ಕಡೆ ಸ್ಪಿನ್‌ಗಳು ಎಷ್ಟೇ ತಣ್ಣಗಾದರೂ ಸಾಲುಗಟ್ಟದೆ ಜೊತೆಗಾರರನ್ನು ಬದಲಿಸುತ್ತಲೇ ಇರಬಹುದು ಎಂದು 1973ರಲ್ಲಿ ಅಮೆರಿಕದ ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ ಹೇಳಿದರು. ದ್ರವದ ಕಣಗಳಂತೆ ಒಂದು ಕಡೆ ನಿಲ್ಲದ ಸ್ಪಿನ್‌ಗಳ ಈ ಸ್ಥಿತಿಯೇ ಸ್ಪಿನ್ ಲಿಕ್ವಿಡ್. (1987ರಲ್ಲಿ ಅವರ ಜೊತೆ ಇದೇ ಯೋಚನೆಯನ್ನು ಸೂಪರ್‌ಕಂಡಕ್ಟರ್‌ಗಳಿಗೆ, ಅಂದರೆ ತಡೆಯೇ ಇಲ್ಲದೆ ವಿದ್ಯುತ್ ಹರಿಸುವ ವಸ್ತುಗಳಿಗೆ, ಹೊಂದಿಸಿದವರಲ್ಲಿ ಜಿ. ಬಾಸ್ಕರನ್ ಒಬ್ಬರು. ಅವರು ಪಿಎಚ್‌ಡಿ ಮಾಡಿದ್ದು ನಮ್ಮ ಐಐಎಸ್‌ಸಿಯಲ್ಲೇ.)

ವಿವರಣೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ನನ್ನ ಪ್ರಕಾರ ಅದು ಅರ್ಧ ಉತ್ತರ. ಬರೀ ತ್ರಿಕೋನವಿದ್ದರೆ ಸ್ಪಿನ್‌ಗಳು 120 ಡಿಗ್ರಿ ಕೋನದಲ್ಲಿ ರಾಜಿಯಾಗಿ ನಿಂತುಬಿಡುತ್ತವೆ ಎಂದು ಆಮೇಲಿನ ಲೆಕ್ಕಗಳು ತೋರಿಸಿದವು. ಇಟಿ ಹರಳು ಮೆತ್ತಗಿದೆ, ಲೋಹವಾಗುವ ಅಂಚಿನಲ್ಲೇ ಇದೆ. ಎಲೆಕ್ಟ್ರಾನುಗಳು ಆಗೊಮ್ಮೆ ಈಗೊಮ್ಮೆ ಪಕ್ಕಕ್ಕೆ ಇಣುಕಿ ಬರುತ್ತವೆ, ನಾಲ್ಕು ನಾಲ್ಕು ಸೇರಿ ಸುತ್ತಾಗಿ ಜಾಗ ಬದಲಿಸುತ್ತವೆ. ಈ ಗಲಾಟೆಯೇ ರಾಜಿಯನ್ನು ಕೆಡಿಸುತ್ತದೆ ಎಂಬುದು ಮುಖ್ಯ ವಿವರಣೆಗಳಲ್ಲೊಂದು. ಅಂಚು ಎಷ್ಟು ಹತ್ತಿರ ಅಂದರೆ, ಸ್ವಲ್ಪ ಒತ್ತಡ ಹಾಕಿದರೆ ಇದೇ ಹರಳು ಸುಮಾರು 4 ಕೆಲ್ವಿನ್‌ನಲ್ಲಿ (ಅಂದರೆ ಮೈನಸ್ 269 ಡಿಗ್ರಿ ಸೆಲ್ಸಿಯಸ್ ಹತ್ತಿರ) ಸೂಪರ್‌ಕಂಡಕ್ಟರ್!

2003ರಲ್ಲಿ ಜಪಾನಿನ ಕಾನೋಡಾ ತಂಡ ಒತ್ತಡವಿಲ್ಲದ ಹರಳನ್ನು 0.032 ಕೆಲ್ವಿನ್‌ವರೆಗೆ ತಣಿಸಿ ನೋಡಿತು. ಸ್ಪಿನ್‌ಗಳ ನಡುವಿನ ಜಗ್ಗಾಟವನ್ನು ಉಷ್ಣತೆಯ ಲೆಕ್ಕದಲ್ಲಿ ಹೇಳಿದರೆ ಅದು ಸುಮಾರು 250 ಕೆಲ್ವಿನ್‌ನಷ್ಟು ಜೋರು. ಆದರೂ ಅವು ಸಾಲುಗಟ್ಟಲಿಲ್ಲ. ಇದೇ ಅಣುವಿನ ಒಂದು ಕ್ಲೋರೈಡ್ ಹರಳಿನಲ್ಲಿ 27 ಕೆಲ್ವಿನ್ ಹತ್ತಿರವೇ ಸ್ಪಿನ್‌ಗಳು ಶಿಸ್ತಾಗಿ ನಿಲ್ಲುತ್ತವೆ.

ಹಾಗಾದ್ರೆ ಸಾಬೀತಾಯ್ತಾ? ಇನ್ನೂ ಇಲ್ಲ. ಸುಮಾರು 6 ಕೆಲ್ವಿನ್ ಕೆಳಗೆ ಈ ಸ್ಪಿನ್‌ಗಳು ಜೋಡಿ ಕಟ್ಟಿಕೊಂಡು ತೆಪ್ಪಗಾಗುವಂತಿದೆ ಎಂದು 2021ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನ ಸಂಶೋಧಕರು ತೋರಿಸಿದರು. ಜೋಡಿಗಳು ಖಾಯಂ ಆದರೆ ಅದನ್ನು ದ್ರವ ಅನ್ನೋದು ಕಷ್ಟ.